ಜಾಹೀರಾತನ್ನು ತಾನಾಗಿಯೇ ಕ್ಲಿಕ್ ಮಾಡುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಹಾಕಿದರೆ ತೊಂದರೆ ಇದೆಯಾ?

ನಿಮ್ಮ ಬ್ಲಾಗಿನ ಜಾಹೀರಾತನ್ನು ರಾತ್ರಿಯಿಡೀ ತಾನೇ ಒತ್ತುವಂಥದ್ದು ಅಲ್ವಾ? ಬೇಡ ಮಾರಾಯ್ರೇ.

ಮೊದಲು ಹೋಗುವುದು ಆಡ್‌ಸೆನ್ಸ್ ಖಾತೆ, ಅಂದರೆ ಬ್ಲಾಗಿನ ಜಾಹೀರಾತಿಗೆ ಗೂಗಲ್ ದುಡ್ಡು ಕೊಡುವ ಖಾತೆ. ಸ್ವಂತ ಜಾಹೀರಾತನ್ನು ಕೈಯಿಂದ ಒತ್ತಿದರೂ ಸಾಫ್ಟ್‌ವೇರಿನಿಂದ ಒತ್ತಿಸಿದರೂ ಗೂಗಲ್ ನಿಯಮದ ಉಲ್ಲಂಘನೆಯೇ. ಖಾತೆ ಮುಚ್ಚಬಹುದು, ಬಾಕಿ ಹಣವೂ ಸಿಗದೆ ಹೋಗಬಹುದು.

ಗೂಗಲ್ ದೊಡ್ಡ ಕಂಪನಿ, ಅದಕ್ಕೇನು ನಷ್ಟ ಅಂತ ಕೆಲವರ ವಾದ. ದುಡ್ಡು ಕಂಪನಿಯದ್ದಲ್ಲವಲ್ಲ, ಜಾಹೀರಾತು ಕೊಟ್ಟವರದ್ದು! ಮಲ್ಪೆಯ ಹೋಮ್‌ಸ್ಟೇ ಒಂದು ದಿನದ ಜಾಹೀರಾತಿಗೆ 500 ರೂಪಾಯಿ ಇಟ್ಟಿದೆ, ಕ್ಲಿಕ್ಕಿಗೆ 10 ರೂಪಾಯಿ ಅಂದುಕೊಳ್ಳಿ. 50 ಸುಳ್ಳು ಕ್ಲಿಕ್ಕಿಗೆ ಬಜೆಟ್ ಖಾಲಿ. ನಿಜವಾಗಿ ರೂಮು ಹುಡುಕುವವನಿಗೆ ಆ ಜಾಹೀರಾತು ಕಾಣುವುದೇ ಇಲ್ಲ.

ಮೋಸದ ಉದ್ದೇಶ ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು (ವಂಚನೆ) ಬೀಳಬಹುದು. 318(4)ರಲ್ಲಿ ಶಿಕ್ಷೆ 7 ವರ್ಷದವರೆಗೆ.

ದುಡ್ಡಿಗಲ್ಲ, ಟ್ರ್ಯಾಕಿಂಗ್ (ನೀವು ನೆಟ್‌ನಲ್ಲಿ ಏನು ನೋಡುತ್ತೀರಿ ಅಂತ ಜಾಹೀರಾತಿನವರು ಹಿಂಬಾಲಿಸುವುದು) ವಿರುದ್ಧ ಪ್ರತಿಭಟನೆಗೆ ಅಂತ ಕ್ಲಿಕ್ ಮಾಡುವ ಆಡ್‌ನಾಸಿಯಂ ಎಂಬ ಎಕ್ಸ್‌ಟೆನ್ಶನ್ ಕೂಡ ಇದೆ. ಉದ್ದೇಶ ಬೇರೆ, ಒಪ್ಪುತ್ತೇನೆ. ಆದರೂ 2017ರಲ್ಲಿ ಗೂಗಲ್ ಅದನ್ನು ಕ್ರೋಮ್ ಸ್ಟೋರ್‌ನಿಂದ ತೆಗೆಯಿತು. ಟ್ರ್ಯಾಕಿಂಗ್ ತಡೆಯಲು ಜಾಹೀರಾತು ತಡೆಯುವ ಬ್ಲಾಕರ್ ಸಾಕು.

ಇನ್ನೊಂದು, ಯಾವ ಎಕ್ಸ್‌ಟೆನ್ಶನ್ ಹಾಕುವಾಗಲೂ ಅದು ಕೇಳುವ ಅನುಮತಿ ಓದಿ. "ಎಲ್ಲ ವೆಬ್‌ಸೈಟಿನ ಡೇಟಾ ಓದಿ ಬದಲಾಯಿಸಲು" ಅಂತಿದ್ದರೆ ನಿಮ್ಮ ನೆಟ್‌ಬ್ಯಾಂಕಿಂಗ್ ಪುಟವೂ ಅದರೊಳಗೆ ಬಂತು.