ಪುಲ್ ಮುಳುಗಿದರೆ ಯಾವ ಸಾಹೇಬರಿಗೆ ಫೋನು?

ಹೊಳೆಗೆ ಪ್ರವಾಹ ಬಂದಾಗ ಗಡಿಯ ಈಚೆಯ, ಅಂದರೆ ಕರ್ನಾಟಕದ, ಪಿಡಬ್ಲ್ಯೂಡಿಯವರಿಗೆ (ಲೋಕೋಪಯೋಗಿ ಇಲಾಖೆ) ಆಚೆಯ ಮಹಾರಾಷ್ಟ್ರದವರು ಜೆಸಿಬಿ, ಲಾರಿ, ಆಳು ಕಳಿಸಿ ಕೊಡುತ್ತಾರಾ, ರಾಜ್ಯ ಬೇರೆ ಅಲ್ವಾ ಅಂತ ಕೇಳಿದ್ದೀರಿ. ಕೊಡುತ್ತಾರೆ ಅಂದರೂ ಸುಳ್ಳಾಗುತ್ತದೆ, ಇಲ್ಲ ಅಂದರೂ ಸುಳ್ಳಾಗುತ್ತದೆ. ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮೂರು ಚಿಕ್ಕೋಡಿ ಕಡೆ, ದೂಧಗಂಗಾ ದಂಡೆಯ ಮೇಲೆ. ನಮ್ಮ ಹೊಲದ ಬದುವಿನಲ್ಲಿ ನಿಂತರೆ ಕಾಣುವ ಕಬ್ಬು ಮಹಾರಾಷ್ಟ್ರದ್ದು. ಬೆಂಗಳೂರಿನವರಿಗೆ ಮೊದಲು ಅರ್ಥ ಆಗದೇ ಇರುವ ಸಂಗತಿ ಏನಂದರೆ, ನಮ್ಮಲ್ಲಿ ಹೊಳೆ ಬರೋದಕ್ಕೆ ನಮ್ಮಲ್ಲಿ ಮಳೆ ಆಗಬೇಕಿಲ್ಲ. ಇಲ್ಲಿ ಬಿಸಿಲು ಬಿದ್ದಿರುತ್ತದೆ, ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತವೆ, ಹೊಳೆ ಮಾತ್ರ ಮಣ್ಣಿನ ಬಣ್ಣಕ್ಕೆ ತಿರುಗಿ ಗಂಟೆಗೊಂದು ಮೆಟ್ಟಿಲು ಏರುತ್ತಿರುತ್ತದೆ. ಮಳೆ ಬಿದ್ದಿರುವುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ ಘಟ್ಟದಲ್ಲಿ. ಪಂಚಗಂಗಾ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ, ಆ ಕೃಷ್ಣೆ ಗಡಿ ದಾಟಿ ಬಂದ ಮೇಲೆ ಕಲ್ಲೋಳದ ಹತ್ತಿರ ನಮ್ಮ ದೂಧಗಂಗಾ ಹೋಗಿ ಕೂಡುತ್ತದೆ. ಅಂದರೆ ಮಳೆ ಅವರದು, ನೀರು ನಮ್ಮದು.

ಹಾಗಾಗಿ ಆಚೆಯವರಿಂದ ನಮಗೆ ಬರುವ ದೊಡ್ಡ ಸಹಾಯ ಜೆಸಿಬಿ ಅಲ್ಲ, ಸುದ್ದಿ. ಕೊಯ್ನಾ ಅಣೆಕಟ್ಟಿನಿಂದ ಇಷ್ಟು ಬಿಟ್ಟರು, ರಾಧಾನಗರಿ ಅಣೆಕಟ್ಟಿನ ಗೇಟು ಎಷ್ಟು ತೆರೆದವು (ಅಲ್ಲಿ ಏಳು ಗೇಟು ನೀರು ಏರಿದ ಹಾಗೆ ತಾವೇ ತೆರೆಯುತ್ತವೆ, ಯಾರ ಅಪ್ಪಣೆಗೂ ಕಾಯೋದಿಲ್ಲ), ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಹೊರಟಿತು. ಜುಲೈ ತಿಂಗಳಲ್ಲಿ ನಮ್ಮೂರ ಚಹಾ ಅಂಗಡಿಯಲ್ಲಿ ಕ್ರಿಕೆಟ್ ಸ್ಕೋರಿಗಿಂತ ಈ ಲೆಕ್ಕವೇ ಜಾಸ್ತಿ. ಸಾಂಗಲಿಯ ಇರ್ವಿನ್ ಪುಲ್ (ಸೇತುವೆ) ಹತ್ತಿರ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45ಕ್ಕೆ ಅಪಾಯ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ (ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡು) 39 ಮತ್ತು 43. ಪರೀಕ್ಷೆಯಲ್ಲಿ ಫೇಲಾದ ಹುಡುಗರೂ ಇದನ್ನು ಬಾಯಿಪಾಠ ಹೇಳುತ್ತಾರೆ. ಕೊಯ್ನಾದ ನೀರು ನಮ್ಮ ಕಡೆ ಮುಟ್ಟುವುದಕ್ಕೆ ಸಾಕಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲೇ ನಮ್ಮ ಬದುಕು ಇರುವುದು. ದಂಡೆಯ ಮೇಲಿನ ಮೋಟಾರು ಎತ್ತಬೇಕು, ಪೈಪು ಬಿಚ್ಚಬೇಕು, ದನ ಮೇಲಿನ ಓಣಿಗೆ ಹೊಡೆಯಬೇಕು, ವಿದ್ಯುತ್ತಿನವರು ಹೊಳೆ ಲೈನು ಬಂದ್ ಮಾಡಬೇಕು. ಸುದ್ದಿ ಅರ್ಧ ದಿನ ತಡವಾದರೆ ಮೋಟಾರು ಹೋಯಿತು ಅಂತಲೇ ಲೆಕ್ಕ.

ಇನ್ನು ಪುಲ್. ಇಲ್ಲಿ ನಾವು ಪುಲ್ ಅನ್ನೋದು ಜಾಸ್ತಿ ಸೇತುವೆಗಳೇ ಅಲ್ಲ, ಬಂಧಾರಗಳು. ಕೊಲ್ಹಾಪುರ ಮಾದರಿ ಅಂತ ಹೆಸರು. ಕಂಬಗಳ ನಡುವೆ ಕಬ್ಬಿಣದ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ಆಚೆಯವರು ಆ ಹಲಗೆಗೆ ಬರಗೆ ಅನ್ನುತ್ತಾರೆ, ನಮ್ಮ ಹಿರಿಯರೂ ಹಾಗೇ ಅನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ತೆಗೆಯಬೇಕು, ಮಳೆ ಮುಗಿದ ಮೇಲೆ ಮತ್ತೆ ಹಾಕಬೇಕು. ಮೇಲೆ ಒಂದು ಗಾಡಿ ಹೋಗುವಷ್ಟು ರಸ್ತೆ. ಎತ್ತರ ಕಡಿಮೆ ಇರುವುದರಿಂದ ವರ್ಷ ವರ್ಷ ಮುಳುಗುತ್ತವೆ. ಯಡೂರ-ಕಲ್ಲೋಳ, ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ, ಈ ಹೆಸರುಗಳು ಪೇಪರಿನಲ್ಲಿ ಪ್ರತಿ ಜುಲೈನಲ್ಲಿ ಅದೇ ಸಾಲಿನಲ್ಲಿ ಬರುತ್ತವೆ, ಹಳೇ ಪೇಪರ್ ತೆಗೆದು ತಾರೀಖು ಬದಲಿಸಿದರೂ ನಡೆಯುತ್ತದೆ. ಇವೆಲ್ಲ ಎರಡೂ ದಂಡೆ ನಮ್ಮದೇ ಇರುವವು. ಮಲಿಕವಾಡ-ದತ್ತವಾಡ ಹಾಗಲ್ಲ. ಮಲಿಕವಾಡ ನಮ್ಮದು, ದತ್ತವಾಡ ಶಿರೋಳ ತಾಲ್ಲೂಕು, ಮಹಾರಾಷ್ಟ್ರ.

ಇಂಥ ಕಡೆ ತಮಾಷೆ ಶುರುವಾಗುತ್ತದೆ. ಬಂಧಾರ ನೀರಾವರಿಯವರದು, ಅದಕ್ಕೆ ಬಂದು ಸೇರುವ ರಸ್ತೆ ಪಿಡಬ್ಲ್ಯೂಡಿಯದೋ ಜಿಲ್ಲಾ ಪಂಚಾಯಿತಿಯದೋ, ಅಡ್ಡ ನಿಲ್ಲಬೇಕಾದವರು ಪೊಲೀಸರು, ಆದೇಶ ತಹಶೀಲ್ದಾರರದು. ಆಚೆಗೂ ಇದೇ ಸಂಸಾರ, ಹೆಸರು ಮಾತ್ರ ಬೇರೆ: ಪಿಡಬ್ಲ್ಯೂಡಿಗೆ ಬಾಂಧಕಾಮ ಖಾತೆ, ನೀರಾವರಿಗೆ ಪಾಟಬಂಧಾರೆ. ಈ ಎಂಟು ಮಂದಿಯೂ ಒಂದೇ ಸಂಜೆ ಒಂದೇ ಮಾತಿಗೆ ಬರಬೇಕು. ಯಾಕೆಂದರೆ ಒಂದು ದಂಡೆಗೆ ಮಾತ್ರ ಬ್ಯಾರಿಕೇಡ್ ಹಾಕಿದರೆ ಅದು ಹಾಕದೇ ಇದ್ದ ಹಾಗೇ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಬಂಧಾರದ ಹತ್ತಿರ, ಹೆಸರು ಬೇಡ, ನಮ್ಮ ಕಡೆ ಮಧ್ಯಾಹ್ನವೇ ಮುಳ್ಳು ಹಾಕಿ, ಬ್ಯಾರಲ್ ಇಟ್ಟು ಬಂದ್ ಮಾಡಿದ್ದರು. ಆಚೆ ದಂಡೆಗೆ ಯಾರೂ ಬಂದಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಹಾಲಿನ ಕ್ಯಾನು ತುಂಬಿದ ಒಂದು ಟೆಂಪೊ ಆ ಕಡೆಯಿಂದ ಇಳಿದು ಬಂತು. ರಸ್ತೆಯ ಮೇಲೆ ಮೊಣಕಾಲು ನೀರು. ನಾವು ಈಚೆಯಿಂದ ಟಾರ್ಚ್ ಬೀಸುತ್ತಾ ಮರಾಠಿಯಲ್ಲೂ ಕನ್ನಡದಲ್ಲೂ ಬಾಯಿಗೆ ಬಂದ ಹಾಗೆ ಕೂಗಿದೆವು. ಅವನು ನಾವು ದಾರಿ ತೋರಿಸುತ್ತಿದ್ದೇವೆ ಅಂದುಕೊಂಡು ಇನ್ನೂ ಮುಂದೆ ಬಂದ! ಪುಣ್ಯಕ್ಕೆ ನಡುವೆ ಇಂಜಿನ್ ನಿಲ್ಲಲಿಲ್ಲ. ಈಚೆ ಬಂದು ಇಳಿದವನೇ, ಬ್ಯಾರಲ್ ಯಾಕೆ ಇಟ್ಟಿದ್ದೀರಿ, ತೆಗೀರಿ ಅಂತ ನಮಗೇ ಜಗಳ ತೆಗೆದ. ನಮ್ಮ ಗ್ಯಾಂಗ್‌ಮನ್ ಮಾವನಿಗೆ ಆಚೆ ಊರಿನಲ್ಲಿ ಬೀಗರಿದ್ದರು. ಅವರಿಗೆ ಫೋನ್ ಮಾಡಿದ, ಅವರ ಹುಡುಗರು ಬಂದು ಆ ಕಡೆ ರಸ್ತೆಗೆ ಅಡ್ಡ ಎತ್ತಿನ ಗಾಡಿ ನಿಲ್ಲಿಸಿದರು. ಅಧಿಕೃತ ಬ್ಯಾರಿಕೇಡ್ ಮರುದಿನ ಬಂತು.

ನೀವು ಕೇಳಿದ ಪರಸ್ಪರ ಸಹಾಯ ನಮ್ಮಲ್ಲಿ ನಡೆಯುವುದು ಹೀಗೆ. ಕಾಗದದ ಮೇಲಿನದ್ದು ಜಿಲ್ಲಾಧಿಕಾರಿಗಳ ಮಟ್ಟದ್ದು, ಮಳೆಗಾಲಕ್ಕೆ ಮುಂಚೆ ಸಭೆ ಆಗುತ್ತದೆ, ಫೋನ್ ನಂಬರಿನ ಪಟ್ಟಿ ಆಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಕೆಲಸ ನಡೆಸುವವರು ಎರಡೂ ಕಡೆಯ ಜೂನಿಯರ್ ಇಂಜಿನಿಯರು, ಸೌಡಿಗಳು (ನೀರಾವರಿಯ ಆಳುಗಳು), ತಲಾಠಿ (ಊರ ಕಂದಾಯದ ಲೆಕ್ಕಿಗ), ಪೊಲೀಸ್ ಪಾಟೀಲ (ಪೊಲೀಸರಿಗೆ ಸುದ್ದಿ ಮುಟ್ಟಿಸುವ ಊರ ಮುಖಂಡ). ನಮ್ಮ ಕಡೆಯವರಿಗೆಲ್ಲ ಮರಾಠಿ ಬರುತ್ತದೆ, ಆಚೆಯವರಲ್ಲಿ ಬಹಳ ಮಂದಿಗೆ ಕನ್ನಡ ಬರುತ್ತದೆ, ಮಾತು ಶುರುವಾಗುವುದು ‘ನಮಸ್ಕಾರ ಸಾಹೇಬ, ಪಾಣಿ ಕಿತಿ?’ (ನೀರು ಎಷ್ಟು?) ಅಂತ, ಮುಗಿಯುವುದು ಕನ್ನಡದಲ್ಲಿ. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಸಾಹೇಬರಿಗೆ ಮೊದಲ ಮಳೆಗಾಲ ಕಷ್ಟ.

ಯಂತ್ರಗಳ ವಿಷಯ ಬೇರೆ. ಸರಕಾರಿ ಗಾಡಿ ಗಡಿ ದಾಟಿದ್ದನ್ನು ನಾನು ನೋಡಿಲ್ಲ. ಡೀಸೆಲ್ ಯಾರ ಲೆಕ್ಕ, ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿ ಯಾವ ಕೆಲಸ ಅಂತ ಬರೆಯೋದು, ಆಡಿಟ್‌ನವರು ಕೇಳಿದರೆ ಏನು ಹೇಳೋದು? ಆದರೆ ಜೆಸಿಬಿ ಮಾಲೀಕನಿಗೆ ಗಡಿ ಇಲ್ಲ. ನೀರು ಇಳಿದ ಮೇಲೆ ಕಂಬಗಳಿಗೆ ಸಿಕ್ಕಿಕೊಂಡಿರುವ ಮರ, ಕಬ್ಬಿನ ಸೋಗೆ, ಪಂಚಗಂಗೆಯಿಂದ ತೇಲಿ ಬಂದ ಜಲಪರ್ಣಿ ಕಳೆ, ಇದನ್ನೆಲ್ಲ ಎಳೆದು ಹಾಕೋದಕ್ಕೆ ಯಾರ ಜೆಸಿಬಿ ಹತ್ತಿರ ಇದೆಯೋ ಅದೇ ಬರುತ್ತದೆ, ಕರೆದವರ ಖಾತೆಗೆ ಬಿಲ್ಲು ಹೋಗುತ್ತದೆ, ಬಿಲ್ಲು ಪಾಸಾಗೋದು ಅದರ ಹಣೆಬರಹ.

2019ರ ಆಗಸ್ಟಿನಲ್ಲಿ ಈ ಸಣ್ಣ ವ್ಯವಸ್ಥೆ ಯಾವುದೂ ಸಾಲಲಿಲ್ಲ. ಇರ್ವಿನ್ ಪುಲ್ ಹತ್ತಿರ ನೀರು 57 ಅಡಿ ದಾಟಿತು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೇ ಹರಿಯಿತು, ಕೊಲ್ಹಾಪುರದ ಹತ್ತಿರ ಶಿರೋಲಿಯಲ್ಲೂ ಹೆದ್ದಾರಿ ನೀರಿನಲ್ಲಿತ್ತು. ಲಾರಿಗಳು ಮೈಲಿಗಟ್ಟಲೆ ನಿಂತವು, ದಿನಗಟ್ಟಲೆ. ಚಾಲಕರಿಗೆ ಹಳ್ಳಿಯವರು ರೊಟ್ಟಿ, ಝುಣಕ ಕೊಟ್ಟರು. ಆವಾಗಲೂ ಅದೇ ಪಾಠ: ಕಾಗಲ್ ಕಡೆ ತಡೆಯದೇ ಸಂಕೇಶ್ವರ ಕಡೆ ತಡೆದರೆ ನಡುವೆ ಗಾಡಿ ತುಂಬಿಕೊಳ್ಳುತ್ತವೆ. 2021ರ ಜುಲೈನಲ್ಲಿ ಯಮಗರ್ಣಿಯಲ್ಲಿ ಮತ್ತೆ ಹಾಗೇ ಆಯಿತು.

ಹಂಗಂತ ಎಲ್ಲ ಅಣ್ಣ-ತಮ್ಮಂದಿರ ಪ್ರೀತಿ ಅಂದುಕೊಳ್ಳಬೇಡಿ. ಕೃಷ್ಣೆಗೆ ಕೆಳಗಡೆ ನಮ್ಮವರು ಕಟ್ಟಿದ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸೋದರಿಂದಲೇ ನಾವು ಮುಳುಗುತ್ತೇವೆ ಅಂತ ಸಾಂಗಲಿಯವರ ದೂರು. ನೀವು ಕೊಯ್ನಾ ಒಮ್ಮೆಲೇ ಬಿಟ್ಟಿದ್ದರಿಂದ ನಾವು ಮುಳುಗಿದೆವು ಅಂತ ನಮ್ಮ ದೂರು. ಆಲಮಟ್ಟಿಯ ಮಟ್ಟ ಈಗ 519.60 ಮೀಟರ್, ಕೃಷ್ಣಾ ನೀರಿನ ನ್ಯಾಯಮಂಡಳಿ 524.256ರವರೆಗೆ ಒಪ್ಪಿದೆ, ಆ ಸುದ್ದಿ ಬಂದಾಗಲೆಲ್ಲ ಆಚೆ ಮೆರವಣಿಗೆ. ಆದರೂ ಗಮನಿಸಿ, ಇಲ್ಲಿ ಕೆಳಗಿನವರೂ ಮೇಲಿನವರಿಗೆ ಸಹಾಯ ಮಾಡಬೇಕಾಗುತ್ತದೆ: ಅವರು ಎಷ್ಟು ಬರುತ್ತದೆ ಅಂತ ಮೊದಲೇ ಹೇಳಬೇಕು, ನಾವು ಆಲಮಟ್ಟಿಯ ಗೇಟು ಮೊದಲೇ ತೆಗೆದು ಜಾಗ ಮಾಡಬೇಕು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಆಗಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಜೊತೆ ಕೂತು ಮಾತಾಡಿದ್ದು ಇದೇ ವಿಷಯ.

ಬೇಸಿಗೆಯಲ್ಲಿ ಲೆಕ್ಕ ತಿರುಗುತ್ತದೆ. ಏಪ್ರಿಲ್-ಮೇನಲ್ಲಿ ಕೃಷ್ಣೆ ಒಣಗಿ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆ ಕುಡಿಯುವ ನೀರಿಗೆ ಪರದಾಟ ಆದಾಗ ನಮ್ಮವರು ಮುಂಬೈಗೆ ಪತ್ರ ಬರೆಯುತ್ತಾರೆ, ಕೊಯ್ನಾದಿಂದ ನೀರು ಬಿಡಿ ಅಂತ. ಕೆಲವು ವರ್ಷ ದುಡ್ಡು ಕೊಟ್ಟು ತಗೊಂಡೆವು. ಆಮೇಲೆ ಅವರು ದುಡ್ಡು ಬೇಡ, ನಮ್ಮ ಜತ್ತ ತಾಲ್ಲೂಕಿಗೆ ನೀರು ಕೊಡಿ ಅಂದರು. ಜತ್ತದ ಪೂರ್ವ ಭಾಗದ ಊರುಗಳಲ್ಲಿ ಮನೆ ಮಾತು ಕನ್ನಡ, ಊರು ಸಾಂಗಲಿ ಜಿಲ್ಲೆಯದು, ನೀರು ಮಾತ್ರ ಯಾರದೂ ಅಲ್ಲ. 2022ರ ಕೊನೆಗೆ ಗಡಿ ಗಲಾಟೆ ಎದ್ದು ಬಸ್ಸುಗಳೇ ನಿಂತಿದ್ದ ಹೊತ್ತಿನಲ್ಲಿ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ಅಲ್ಲಿನ ಕೆರೆಗೆ ಹೋಗಿ ತುಂಬಿತ್ತು. ಮುಂಬೈ-ಬೆಂಗಳೂರಿನಲ್ಲಿ ಅದನ್ನು ರಾಜಕೀಯ ಅಂದರು. ಇರಬಹುದು. ಕೆರೆ ತುಂಬಿದ್ದೂ ನಿಜ.

ನೀವು ಜುಲೈನಲ್ಲಿ ನರಸೋಬಾವಾಡಿಗೆ ಬರುತ್ತೇನೆ ಅಂದಿದ್ದೀರಿ. ಮ್ಯಾಪು ನೋಡಿ ಹತ್ತಿರದ ದಾರಿ ಅಂತ ಬಂಧಾರದ ಮೇಲೆ ಬರಬೇಡಿ. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಇಳಿದು, ಆಚೆಯಿಂದ ಬಂದ ಲಾಲ್ ಬಸ್ಸಿನ ಕಂಡಕ್ಟರನ್ನು ಯಾವ ಪುಲ್ ಚಾಲೂ ಇದೆ ಅಂತ ಕೇಳಿ, ಅವನಿಗೆ ಬೆಳಗ್ಗೆಯ ಸುದ್ದಿ ಗೊತ್ತಿರುತ್ತದೆ. ಅವನೂ ತಲೆ ಅಲ್ಲಾಡಿಸಿದರೆ ನನಗೆ ಫೋನ್ ಮಾಡಿ, ನಾಲ್ಕು ದಿನ ನಮ್ಮಲ್ಲೇ ಇದ್ದು ಹೋಗುವಿರಂತೆ.