ಓದುಗರ ಪ್ರಶ್ನೆ: ಶಿಕ್ಷಕರಿಗೆ ಕೋಡಿಂಗ್ ಕಲಿಸುವ ಬಗೆ

ಪ್ರಶ್ನೆ: ಗಣಿತ, ವಿಜ್ಞಾನದ ಶಿಕ್ಷಕರಿಗೆ ಐದು ದಿನ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತರಬೇತಿ ಕೊಟ್ಟೆವು. ಅಲ್ಲಿ ಎಲ್ಲರೂ ಪ್ರೋಗ್ರಾಂ ಬರೆದರು. ತರಗತಿಗೆ ಹೋದ ಮೇಲೆ ಮಕ್ಕಳ ತಪ್ಪು ಹುಡುಕಲಾಗದೆ ಒದ್ದಾಡುತ್ತಿದ್ದಾರೆ. ತರಬೇತಿಯ ದಿನ ಹೆಚ್ಚಿಸಬೇಕೇ?

ಉತ್ತರ: ದಿನ ಅಷ್ಟೇ ಇರಲಿ, ಕ್ರಮ ಬದಲಿಸಿ. ಪರದೆ ನೋಡಿಕೊಂಡು ಟೈಪ್ ಮಾಡಿದರೂ ಪ್ರೋಗ್ರಾಂ ಓಡುತ್ತದೆ. ಟೈಪ್ ಮಾಡಿದವರಿಗೆ ಅರ್ಥವಾಗಿರಬೇಕೆಂದೇನಿಲ್ಲ. ಮೊದಲ ದಿನ ಬರೆಸಲೇಬೇಡಿ, ಓದಿಸಿ. ಆರೆಂಟು ಸಾಲಿನ ಪ್ರೋಗ್ರಾಂ ಕಾಗದದಲ್ಲಿ ಕೊಟ್ಟು, ಏನು ಉತ್ತರ ಬರುತ್ತದೆಂದು ಪ್ರತಿಯೊಬ್ಬರೂ ಊಹಿಸಿ ಬರೆದಿಡಲಿ. ಆಮೇಲೆ ಓಡಿಸಿ ನೋಡಲಿ. ಊಹೆ ಎಲ್ಲಿ ತಪ್ಪಿತೋ ಅಲ್ಲಿಂದ ಪಾಠ ಶುರು. ಬಳಿಕ ಅದರಲ್ಲೇ ಒಂದೆರಡು ಸಾಲು ತಿದ್ದುವುದು. ಸ್ವಂತದ್ದು ಬರೆಯುವುದು ಎಲ್ಲಕ್ಕಿಂತ ಕೊನೆಗೆ.

‘ಎ = 5’, ‘ಬಿ = ಎ’, ‘ಎ = 7’ ಎಂಬ ಮೂರು ಸಾಲು ಕೊಟ್ಟು ನೋಡಿ. ಈಗ ಬಿ ಎಷ್ಟು? 5. ಆದರೆ 7 ಎನ್ನುವವರು ಇದ್ದೇ ಇರುತ್ತಾರೆ, ಗಣಿತದವರೂ ಸೇರಿ. ಅವರಿಗೆ ಸಮಚಿಹ್ನೆ ಎಂದರೆ ಎರಡೂ ಬದಿ ಸದಾ ಸಮ. ಪೈಥಾನ್‌ನಲ್ಲಿ ಅದು ಬಲಗಡೆಯ ಬೆಲೆಯನ್ನು ಆ ಕ್ಷಣಕ್ಕೆ ಎಡಗಡೆಯ ಹೆಸರಿಗೆ ಕೊಡುವ ಆಜ್ಞೆ, ಅಷ್ಟೆ. ಬಾಯಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಕೋಷ್ಟಕ ಹಾಕಿಸಿ: ಪ್ರತಿ ವೇರಿಯಬಲ್‌ಗೆ, ಅಂದರೆ ಎ, ಬಿಯಂಥ ಹೆಸರಿಗೆ, ಒಂದು ಕಂಬಸಾಲು; ಪ್ರೋಗ್ರಾಮಿನ ಪ್ರತಿ ಸಾಲಿಗೊಂದು ಅಡ್ಡಸಾಲು; ಒಳಗೆ ಆ ಸಾಲು ಓಡಿದ ಮೇಲಿನ ಬೆಲೆ. ಇನ್ನೆರಡು ಕಡೆಯೂ ಊಹೆ ತಪ್ಪುತ್ತದೆ. ಕೀಬೋರ್ಡಿನಲ್ಲಿ ಒತ್ತಿದ್ದನ್ನು ಪಡೆಯುವ ‘ಇನ್‌ಪುಟ್’ ಆಜ್ಞೆಯಿಂದ ಬರುವುದು ಸಂಖ್ಯೆಯಲ್ಲ, ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಹಾಗಾಗಿ 5 ಮತ್ತು 3 ಕೂಡಿಸಿದರೆ 53 ಬರುತ್ತದೆ, ಎರಡಕ್ಕೂ ಸಂಖ್ಯೆಯಾಗಿಸುವ ‘ಇಂಟ್’ ಹಾಕಿದರೆ 8. ಸಂಖ್ಯೆಗಳನ್ನು ಸಾಲಾಗಿ ಕೊಡುವ ರೇಂಜ್(1, 5) 1ರಿಂದ ಶುರುವಾಗಿ 4ಕ್ಕೇ ನಿಲ್ಲುತ್ತದೆ, 5 ಬರುವುದಿಲ್ಲ. ಮಕ್ಕಳು ಎಡವುವುದೂ ಇಲ್ಲೇ.

ಐದು ದಿನವನ್ನು ಎರಡು, ಎರಡು, ಒಂದು ಎಂದು ಒಡೆದು ನಡುವೆ ಮೂರ್ನಾಲ್ಕು ವಾರ ಬಿಡಿ. ಆ ಅವಧಿಯಲ್ಲಿ ಶಿಕ್ಷಕರು ತರಗತಿಯಲ್ಲಿ ಪಾಠ ಮಾಡಿ, ಮಕ್ಕಳ ತಪ್ಪು ಉತ್ತರಗಳನ್ನು ಹೊತ್ತು ತರಲಿ. ಸರಿಯುತ್ತರಗಳಿಂದ ತರಬೇತಿಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: 16, 8, 4, 2, 1 ಎಂಬ ಐದು ಕಾರ್ಡುಗಳಿಂದ (ತೆರೆದ ಕಾರ್ಡು 1, ಮುಚ್ಚಿದ್ದು 0; ತೆರೆದವುಗಳ ಮೊತ್ತವೇ ಸಂಖ್ಯೆ) ದ್ವಿಮಾನ ಸಂಖ್ಯೆ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆಯುವ ಸಂಖ್ಯೆ, ಕಲಿಸುವಾಗ ಮಕ್ಕಳಿಗೆ ತಿರುಗುಮುರುಗು ಉತ್ತರ ಬರುತ್ತದೆ. ಯಾಕೆ?

ಉತ್ತರ: ಶಿಕ್ಷಕರು ತರಗತಿಗೆ ಮುಖಮಾಡಿ ನಿಂತು ತಮ್ಮ ಬಲಕ್ಕೆ 1ರ ಕಾರ್ಡು ಇಟ್ಟಿರುತ್ತಾರೆ, ಮಕ್ಕಳಿಗೆ ಅದು ಎಡಕ್ಕೆ ಕಾಣುತ್ತದೆ. ನೀವು 01001, ಅಂದರೆ 9 ತೋರಿಸಿದರೆ ಅವರು 10010, ಅಂದರೆ 18 ಓದುತ್ತಾರೆ. ಮುಖಮಾಡಿ ನಿಂತಾಗ 1 ನಿಮ್ಮ ಎಡಗೈ ಕಡೆ ಇರಬೇಕು. ಐದು ಕಾರ್ಡಿಗೆ 0ಯಿಂದ 31ರವರೆಗೆ ಸಿಗುತ್ತದೆ. ಆರನೆಯದು ಸೇರಿದರೆ ಎಲ್ಲಿಯವರೆಗೆ ಎಂದು ಕೇಳದೆ ಆಟ ಮುಗಿಸಬೇಡಿ.

ಪ್ರಶ್ನೆ: ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿದರೆ ಒಬ್ಬರೇ ಕೆಲಸ ಮಾಡುತ್ತಾರಲ್ಲ?

ಉತ್ತರ: ಚುರುಕಿನವರನ್ನು ತೀರಾ ಹಿಂದುಳಿದವರ ಜೊತೆ ಕೂರಿಸಿದರೆ ಹಾಗಾಗುತ್ತದೆ. ಹೆಚ್ಚುಕಡಿಮೆ ಒಂದೇ ಮಟ್ಟದವರನ್ನು ಜೋಡಿ ಮಾಡಿ. ಒಬ್ಬರು ಕೀಬೋರ್ಡ್ ಹಿಡಿಯಲಿ, ಇನ್ನೊಬ್ಬರು ಮುಂದಿನ ಸಾಲು ಹೇಳಲಿ, ಮುಟ್ಟುವಂತಿಲ್ಲ. ಏಳೆಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಿ. ಮೂವರನ್ನು ಮಾತ್ರ ಕೂರಿಸಬೇಡಿ. ಮೂರನೆಯವರು ಕಿಟಕಿ ನೋಡುತ್ತಾರೆ.