ವಾಟರ್‌ಕಲರ್ ಕ್ಲಾಸಿಗೆ ಸೇರಿ ಎರಡು ತಿಂಗಳಾಯಿತು, ನನ್ನ ಹಾಳೆ ಮೇಲೆ ಬರೀ ರಾಡಿ. ಬಿಟ್ಟುಬಿಡಲೇ?

ಈಗಲೇ ಬಿಡಬೇಡಿ. ಕಾಲೇಜಿನ ಸ್ಟುಡಿಯೋ ಕ್ಲಾಸಲ್ಲಿ ಪಕ್ಕದವರಿಗೆ ಆಕಾಶ ತಿಳಿಯಾಗಿ ಬರುತ್ತದೆ, ನನಗೆ ಮಾತ್ರ ಬಣ್ಣವೆಲ್ಲ ಕಲೆಸಿ ರಾಡಿಯಾಗುತ್ತದೆ, ನನ್ನ ಕೈಯಲ್ಲಿ ಕಲೆಯೇ ಇಲ್ಲವೇನೋ ಅಂತ ಕೇಳಿದ್ದೀರಿ. ಓದಿ ನನ್ನ ಮೊದಲ ಸೆಮಿಸ್ಟರ್ ನೆನಪಾಯಿತು. ಕಲೆಯ ಮಾತು ಆಮೇಲೆ ನೋಡೋಣ. ನಿಮ್ಮ ತೊಂದರೆ ಸದ್ಯಕ್ಕೆ ನೀರಿನದು.

ನಾನು ಆರ್ಟ್ ವಿದ್ಯಾರ್ಥಿ ಅಲ್ಲ. ಐಚ್ಛಿಕ ವಿಷಯ ಒಂದು ಬೇಕಿತ್ತು, ಸೇರಿದೆ. ಶಾಲೆಯಲ್ಲಿ ಪೋಸ್ಟರ್ ಕಲರ್ ಬಳಸಿದ ಅಭ್ಯಾಸ ಇತ್ತು. ತಪ್ಪಾದರೆ ಮೇಲೊಂದು ಪದರ ಬಳಿದರೆ ಆಯಿತು. ವಾಟರ್‌ಕಲರ್‌ನಲ್ಲಿ ಆ ಆಟ ನಡೆಯಲ್ಲ. ಬಣ್ಣ ಪಾರದರ್ಶಕ, ಕೆಳಗಿನ ತಪ್ಪು ಕಂಡೇ ಕಾಣುತ್ತದೆ. ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು. (ಬಿಳಿ ಬಣ್ಣ ಮುಟ್ಟಿದರೆ ಮಹಾಪಾಪ ಅನ್ನುವವರು ಎಲ್ಲ ಕ್ಲಾಸಲ್ಲೂ ಇರುತ್ತಾರೆ. 1502ರಲ್ಲಿ ಜರ್ಮನಿಯ ಕಲಾವಿದ ಡ್ಯೂರರ್ ಬರೆದ ಮೊಲದ ಚಿತ್ರದಲ್ಲೇ ಬಿಳಿ ಬಣ್ಣದ ಗೆರೆಗಳಿವೆ. ಆದರೂ ಕಲಿಯುವಾಗ ಬಿಳಿ ಟ್ಯೂಬ್ ದೂರ ಇಡುವುದೇ ಒಳ್ಳೆಯದು.)

ಮೊದಲ ಮೂರು ವಾರ ನಮ್ಮ ಮೇಡಂ ಒಂದೇ ಬಣ್ಣ ಕೊಟ್ಟರು, ಬರ್ಂಟ್ ಅಂಬರ್ ಅನ್ನುವ ಕಂದು. ಬರೀ ವಾಶ್ ಹಾಕಿಸಿದರು, ಅಂದರೆ ನೀರಾದ ಬಣ್ಣವನ್ನು ಹಾಳೆ ಮೇಲೆ ಸಮನಾಗಿ ಹರಡುವುದು. ಬೋರ್ಡಿನ ಮೇಲಂಚಿಗೆ ಒಂದು ಪುಸ್ತಕ ಕೊಟ್ಟು ಸ್ವಲ್ಪ ಎತ್ತರಿಸಬೇಕು. ಬ್ರಶ್ ತುಂಬ ಬಣ್ಣ ತೆಗೆದುಕೊಂಡು ಅಡ್ಡಕ್ಕೆ ಒಂದು ಎಳೆ ಎಳೆದರೆ, ಕೆಳಗಿನ ಅಂಚಲ್ಲಿ ಬಣ್ಣದ ನೀರು ಉದ್ದಕ್ಕೂ ತೊಟ್ಟಿಕ್ಕುವ ಹಾಗೆ ನಿಲ್ಲುತ್ತದೆ. ಮುಂದಿನ ಎಳೆ ಅದನ್ನು ಮುಟ್ಟಿ ಕೆಳಗೆ ತರಬೇಕು. ಹಿಂದಿನದರ ಮೇಲೆ ಮತ್ತೆ ಕೈ ಆಡಿಸಬಾರದು. ಕೊನೆಗೆ ಉಳಿದ ನೀರನ್ನು ಹಿಂಡಿದ ಬ್ರಶ್ಶಿನಿಂದ ಹೀರಿ ತೆಗೆಯಬೇಕು. ಅದನ್ನು ಹಾಗೇ ಬಿಟ್ಟರೆ, ಮೇಲಿನದು ಒಣಗುತ್ತಿದ್ದ ಹಾಗೆ ನೀರು ವಾಪಸ್ ಮೇಲೆ ಹತ್ತಿ ವಾಶ್ ಕೆಡಿಸುತ್ತದೆ. ಇಪ್ಪತ್ತು ಸಲ ಮಾಡಿದ ಮೇಲೂ ನನ್ನದು ಪಟ್ಟೆಪಟ್ಟೆ. ಇದೇನು ಗೋಡೆಗೆ ಸುಣ್ಣ ಬಳಿಯುವ ತರಬೇತಿಯಾ ಅಂತ ಗೊಣಗಿದ್ದೆ.

ವಿಷಯ ತಲೆಗೆ ಹೋಗಿದ್ದು ನಾಲ್ಕನೇ ವಾರ. ಮೇಜಿನ ಮೇಲೆ ಗಾಜಿನ ಬಾಟಲಿ, ಪಕ್ಕದಲ್ಲಿ ಮುದುಡಿದ ಬಿಳಿ ಬಟ್ಟೆ. ಬಟ್ಟೆಯ ಮಡಿಕೆಯ ನೆರಳು ಚೆನ್ನಾಗೇ ಬಂದಿತ್ತು. ಸುಮ್ನೆ ಇರಲಾರದೆ, ಅಂಚು ಸ್ವಲ್ಪ ಗಡುಸಾಯಿತು ಅಂತ ಒದ್ದೆ ಬ್ರಶ್ ಇಟ್ಟೆ. ಎರಡು ನಿಮಿಷದಲ್ಲಿ ನೆರಳಿನ ನಡುವೆ ಹೂಕೋಸಿನ ಹಾಗೆ ಒಂದು ಕಲೆ ಅರಳಿತು. ಅದನ್ನು ಸರಿಮಾಡಲು ಉಜ್ಜಿದೆ. ಕಾಗದ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬಂತು.

ಮೇಡಂ ಬಂದರು. ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಬೋರ್ಡ್ ಎತ್ತಿ, ಕಣ್ಣಿನ ಮಟ್ಟಕ್ಕೆ ತಂದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. "ಬಣ್ಣ ನೋಡಬೇಡ, ಹೊಳಪು ನೋಡು" ಅಂದರು.

ಅಲ್ಲಿಯವರೆಗೆ ನನಗೆ ಕಾಗದ ಅಂದರೆ ಒದ್ದೆ ಇಲ್ಲವೇ ಒಣ, ಎರಡೇ. ಓರೆಯಾಗಿ ನೋಡಿದಾಗ ಗೊತ್ತಾಯಿತು, ನಡುವೆ ಎಷ್ಟೊಂದು ಹದ ಇವೆ ಅಂತ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಹಾಕಿದ ಬಣ್ಣ ತನಗೆ ಬೇಕಾದ ಕಡೆ ಹರಿಯುತ್ತದೆ. ಹೊಳಪು ಮಂಕಾಗಿ ರೇಷ್ಮೆಯ ಮಿನುಗಿನಷ್ಟು ಉಳಿದಾಗ, ಗಟ್ಟಿ ಬಣ್ಣ ಇಟ್ಟರೆ ಅಂಚು ಮೆತ್ತಗೆ ಹರಡಿ ಅಲ್ಲೇ ನಿಲ್ಲುತ್ತದೆ. ಮೋಡ, ನೆರಳು, ದೂರದ ಮರ, ಎಲ್ಲಕ್ಕೂ ಇದೇ ಸಮಯ. ಹೊಳಪು ಪೂರ್ತಿ ಹೋಗಿದೆ, ಆದರೆ ಅಂಗೈ ಹಿಂಭಾಗ ತಾಗಿಸಿದರೆ ತಣ್ಣಗಿದೆ ಅಂದರೆ ಕೈ ಕಟ್ಟಿ ಕೂರಬೇಕು. ನಾನು ಬಟ್ಟೆ ಕೆಡಿಸಿದ್ದು ಈ ಹೊತ್ತಲ್ಲೇ. ತಣ್ಣಗಿನ ಅನುಭವವೂ ಹೋದ ಮೇಲೆ ಮುಂದಿನ ಪದರ. ಮಳೆ ಬಿದ್ದ ಹೊಲಕ್ಕೆ ಹದ ನೋಡದೆ ನೇಗಿಲು ಇಳಿಸಿದರೆ ಏನಾಗುತ್ತದೋ ಇಲ್ಲೂ ಅದೇ.

ಹೂಕೋಸು ಯಾಕೆ ಬರುತ್ತದೆ ಅಂದರೆ, ಬ್ರಶ್ಶಲ್ಲಿ ಕಾಗದಕ್ಕಿಂತ ಜಾಸ್ತಿ ನೀರಿದೆ. ಆ ನೀರು ಅರೆ ಒಣಗಿದ ಕಡೆಗೆ ನುಗ್ಗುತ್ತಾ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಲ್ಲಿ ಬಿಡುತ್ತದೆ. ಹಾಗಾಗಿ ಒದ್ದೆ ಕಾಗದಕ್ಕೆ ಹೋಗುವ ಬ್ರಶ್ ಕಾಗದಕ್ಕಿಂತ ಒಣಗಿರಬೇಕು. ಪಕ್ಕದಲ್ಲಿ ಒಂದು ಬಟ್ಟೆ ಇಟ್ಟುಕೊಂಡು ಪ್ರತಿ ಸಲ ಬ್ರಶ್ಶಿನ ಹೊಟ್ಟೆ ಒತ್ತಿ. ನನಗೆ ಇದೊಂದರಿಂದಲೇ ಅರ್ಧ ತೊಂದರೆ ಹೋಯಿತು.

ಇನ್ನು ರಾಡಿ. ಬಣ್ಣ ಬೆರೆಸಿದ್ದಕ್ಕೇ ರಾಡಿಯಾಗುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬೆರೆಸಿ ನೋಡಿ, ಎಂಥ ಚೆಂದದ ಬೂದು ಬರುತ್ತದೆ! ಮೂರು ನಾಲ್ಕು ಸೇರಿದಾಗ ಕೆಡುತ್ತದೆ. ನಿಮಗೆ ಗೊತ್ತಿಲ್ಲದೆಯೂ ಸೇರಿರಬಹುದು. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್ ಸಂಖ್ಯೆ, ಅಂದರೆ ಒಳಗಿರುವ ಬಣ್ಣದ ಪುಡಿಯ ಗುರುತು, ಇರುತ್ತದೆ. ಅಲ್ಟ್ರಾಮರೀನ್‌ಗೆ ಪಿಬಿ 29, ಒಂದೇ. ಎಷ್ಟೋ ಹಸಿರು ಟ್ಯೂಬುಗಳಲ್ಲಿ ಮೊದಲೇ ಎರಡು ಮೂರು ಕೂಡಿರುತ್ತವೆ. ಅದಕ್ಕೆ ನೀವು ಇನ್ನೆರಡು ಬೆರೆಸಿದರೆ ಮುಗಿಯಿತು. ನೀರಿಗೆ ಎರಡು ಡಬ್ಬ ಇಡಿ, ಒಂದು ತೊಳೆಯಲು, ಒಂದು ಶುದ್ಧ. ಆಮೇಲೆ ಅರೆ ಒಣಗಿದ ಪದರ ಉಜ್ಜಬೇಡಿ. ಕೆಳಗಿನ ಬಣ್ಣ ಎದ್ದು ಮೇಲಿನದಕ್ಕೆ ಕಲೆಸುತ್ತದೆ.

ಪಕ್ಕದವರ ಆಕಾಶದ ಬಗ್ಗೆ ಒಂದು ಅನುಮಾನ. ಅವರ ಕಾಗದ ಯಾವುದು ಕೇಳಿದ್ದೀರಾ? ತೆಳು ಹಾಳೆ ಒದ್ದೆಯಾದರೆ ಉಬ್ಬಿ ತಗ್ಗಾಗುತ್ತದೆ, ತಗ್ಗಲ್ಲಿ ನೀರು ನಿಂತು ಅಲ್ಲಲ್ಲೇ ಕಲೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪ) ಕಾಟನ್ ಕಾಗದ ನೀರನ್ನು ಹೆಚ್ಚು ಹೊತ್ತು ಸಮನಾಗಿ ಹಿಡಿದಿಡುತ್ತದೆ. ನಾನು ಅರ್ಧ ಸೆಮಿಸ್ಟರ್ ನನ್ನ ಕೈಯನ್ನು ಬೈದುಕೊಂಡೆ. ತಪ್ಪು ಬಹಳಷ್ಟು ನನ್ನ ಅಗ್ಗದ ಪ್ಯಾಡಿನದೇ. ದುಡ್ಡು ಕಡಿಮೆ ಇದ್ದರೆ ಬಣ್ಣ ನಾಲ್ಕೇ ಕೊಳ್ಳಿ, ಬ್ರಶ್ ಒಂದೇ ಸಾಕು, ತುದಿ ಚೂಪಾಗಿ ನಿಲ್ಲುವ 10ನೇ ನಂಬರಿನ ರೌಂಡ್. ಕಾಗದದಲ್ಲಿ ಮಾತ್ರ ಉಳಿಸಬೇಡಿ.

ಕ್ಲಾಸು ಬಿಟ್ಟು ಮನೆಯಲ್ಲೇ ವಿಡಿಯೋ ನೋಡಿ ಕಲಿಯಬಹುದಲ್ಲ ಅಂತಲೂ ಕೇಳಿದ್ದೀರಿ. ವಿಡಿಯೋದಲ್ಲಿ ಕಾಯುವ ಭಾಗ ಕತ್ತರಿಸಿರುತ್ತಾರೆ, ಅಲ್ವಾ? ಕಲಿಯಬೇಕಿರುವುದು ಅದನ್ನೇ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಕ್ಲಾಸಿನ ಅರ್ಧ ಸಮಯ ಬ್ರಶ್ ಕೆಳಗಿಟ್ಟು ಕೂತಿರುತ್ತಿದ್ದಳು. ಸೋಮಾರಿ ಅಂದುಕೊಂಡಿದ್ದೆ! ಆಮೇಲೆ ನಾನೂ ಎರಡು ಬೋರ್ಡ್ ಇಟ್ಟುಕೊಂಡೆ. ಒಂದು ಒಣಗುವಾಗ ಇನ್ನೊಂದು. ಕ್ಲಾಸಿನ ಕೊನೆಗೆ ಎಲ್ಲರ ಚಿತ್ರ ಗೋಡೆಗೆ ಸಿಕ್ಕಿಸಿ ಮಾತಾಡುವಾಗ ಮೊದಮೊದಲು ನನಗೆ ಕಿವಿ ಬಿಸಿಯಾಗುತ್ತಿತ್ತು. ಆದರೆ ನನ್ನದನ್ನು ಹತ್ತು ಅಡಿ ದೂರದಿಂದ ನಾನು ನೋಡಿದ್ದೇ ಅಲ್ಲಿ. ಬಣ್ಣದ ಗಾಢತೆ ಸಾಲದು ಅಂತ ಅಲ್ಲೇ ಗೊತ್ತಾಗಿದ್ದು. ಈ ಬಣ್ಣ ಒಣಗಿದರೆ ತಿಳಿಯಾಗುತ್ತದೆ, ಹಾಕುವಾಗಲೇ ಒಂದು ಪಾಲು ಜಾಸ್ತಿ ಗಾಢ ಇರಲಿ.

ಮುಂದಿನ ಕ್ಲಾಸಿಗೆ ಚಿತ್ರ ಬೇಡ. ಒಂದು ಉದ್ದನೆ ಪಟ್ಟಿಗೆ ಒಂದೇ ಬಣ್ಣದ ವಾಶ್ ಹಾಕಿ ಗಡಿಯಾರ ನೋಡಿ. ನಿಮಿಷಕ್ಕೊಂದು ಹನಿ ಶುದ್ಧ ನೀರು, ಬೇರೆ ಬೇರೆ ಜಾಗದಲ್ಲಿ. ಪಕ್ಕದಲ್ಲಿ ಪೆನ್ಸಿಲ್‌ನಿಂದ ಎಷ್ಟನೇ ನಿಮಿಷ ಅಂತ ಬರೆಯಿರಿ. ನನ್ನ ಪಟ್ಟಿ ಇನ್ನೂ ಇದೆ. ಏಳನೇ ನಿಮಿಷದ ಹನಿ ದೊಡ್ಡ ಹೂಕೋಸು. ಫ್ಯಾನ್ ಹಾಕಿದ್ದ ದಿನದ ಪಟ್ಟಿಯಲ್ಲಿ ಅದು ನಾಲ್ಕಕ್ಕೇ ಬಂದಿದೆ.